ಹೋಗಿ ಬರುತ್ತೇನೆ

ಕನ್ನಡಿಗರ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಮತ್ತೆ ಬರುವ ಮನಸ್ಸಿಲ್ಲದ ನೆಂಟನೂ ಹೊಸ್ತಿಲಲ್ಲಿ ನಿಂತು ಈ ಮಾತನ್ನಾಡಿಯೇ ಚಪ್ಪಲಿ ಮೆಟ್ಟುತ್ತಾನೆ. ಉದ್ಯೋಗ ಬಿಡುವಾಗ ಮಾತ್ರ ಈ ಸೌಜನ್ಯ ಮರೆತುಹೋಗುವುದುಂಟು.

ಬಸವನಗುಡಿಯ ತರುಣನೊಬ್ಬನಿಗೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಇನ್ನೊಂದು ಕಂಪನಿ ಹೆಚ್ಚಿನ ಸಂಬಳಕ್ಕೆ ಕರೆಯಿತು. ಆದರೆ ಹದಿನೈದು ದಿನಗಳೊಳಗೆ ಬಂದು ಸೇರಬೇಕು. ಹಳೆಯ ಕರಾರಿನಂತೆ ಅವನು 90 ದಿನಗಳ ನೋಟೀಸು ಕೊಡಬೇಕಾಗಿದ್ದಿತು. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತವನು, “ರಾಜೀನಾಮೆ ಕಳಿಸಿದ್ದಾಯಿತು, ಅಪ್ಪ. ಸೋಮವಾರದಿಂದ ಅಲ್ಲಿಗೆ ಹೋಗುವುದಿಲ್ಲ” ಎಂದನು.

ತಂದೆ ಬ್ಯಾಂಕಿನಿಂದ ನಿವೃತ್ತರಾದವರು. “ಅವರು ಸುಮ್ಮನಿರುತ್ತಾರೆಯೆ?”

“ಏನು ಮಾಡಿಯಾರು? ಎಳೆದು ತಂದು ಕೂರಿಸುವ ಕಾನೂನಿಲ್ಲ.”

ಮಗನ ಮಾತು ಸುಳ್ಳಲ್ಲ. ವ್ಯಕ್ತಿಯ ಸ್ವಂತ ಸಾಮರ್ಥ್ಯವನ್ನೇ ನಂಬಿದ ಸೇವೆಯ ಕರಾರನ್ನು, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಪ್ರಕಾರ, ನ್ಯಾಯಾಲಯ ಬಲವಂತದಿಂದ ನೆರವೇರಿಸುವುದಿಲ್ಲ. ಆದರೆ ದುಡಿಸಲಾಗದಿದ್ದರೂ ದುಡ್ಡು ಕೇಳಬಹುದು. ತಂದೆ ಅದಕ್ಕೊಂದು ನಿದರ್ಶನ ಹೇಳಿದರು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುನ್ನವೇ 2009ರಲ್ಲಿ ಕೆಲಸ ಬಿಟ್ಟರು. ಕರಾರಿನಂತೆ 2 ಲಕ್ಷ ರೂಪಾಯಿ ತೆತ್ತು, ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಜಯವಾಯಿತು. ಆದರೆ 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಷರತ್ತನ್ನೇ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಗಿ ಆರು ವರ್ಷಗಳು ಕಳೆದಿದ್ದವು!

“ಧಣಿಗಳು ಒಂದೇ ಬೆಳಗಿನಲ್ಲಿ ನೂರಾರು ಜನರನ್ನು ಮನೆಗೆ ಕಳಿಸುತ್ತಾರೆ. ಧರ್ಮವೆಲ್ಲ ನೌಕರನಿಗೊಬ್ಬನಿಗೇ ಏನು?” ಎಂದನು ಮಗ.

“ಅದೂ ನಿಜವೇ. ಧಣಿಯ ಮಾತು ಬಿಡು. ಸೋಮವಾರ ನಿನ್ನ ಕೆಲಸ ಯಾರ ತಲೆಗೆ ಬೀಳುತ್ತದೆ?”

ತುತ್ತು ಕೈಯಲ್ಲೇ ನಿಂತಿತು. ಪಕ್ಕದ ಮೇಜಿನ ಹುಡುಗಿಯ ತಲೆಗೆ. ಮುಂದಿನ ವಾರ ಅವಳ ತಂಗಿಯ ಮದುವೆ. ಬೇಡಿ ಬೇಡಿ ರಜೆ ಪಡೆದಿದ್ದಳು. ಮೂರು ವರ್ಷ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿಂದವಳಿಗೂ ಅವನು ಹೇಳಿರಲಿಲ್ಲ.

ತಾಯಿ ಮಾತನಾಡದೆ ಮೊಸರು ಬಡಿಸಿದರು. ಅಂದು ಅವನಿಗೆ ಅದು ರುಚಿಸಲಿಲ್ಲ.

ನೋಟೀಸೆಂಬುದು ಧಣಿಗೆ ಸಲ್ಲಿಸುವ ಕಪ್ಪವಷ್ಟೇ ಅಲ್ಲ. ಹಿಂದೆ ಉಳಿಯುವವರಿಗೆ ತೀರಿಸುವ ಋಣವೂ ಹೌದು. ಮೊದಲನೆಯದನ್ನು ಹಣದಿಂದ ಕಳೆದುಕೊಳ್ಳಬಹುದು, ಎರಡನೆಯದನ್ನು ಆಗದು.

ಬೆಳಗಾಗುತ್ತಲೇ ತರುಣನು ಇನ್ನೊಂದು ಪತ್ರ ಬರೆದನು: ಹದಿನೈದು ದಿನ ದುಡಿಯುವುದು, ಮಿಕ್ಕ 75 ದಿನಗಳ ಸಂಬಳವನ್ನು ತೆರುವುದು. ಕಂಪನಿ ಒಪ್ಪಿತು. ಎರಡೂವರೆ ತಿಂಗಳ ಗಳಿಕೆ ಕೈಬಿಟ್ಟಿತು. ಕೊಳ್ಳಬೇಕೆಂದಿದ್ದ ಸ್ಕೂಟರು ಅಂಗಡಿಯಲ್ಲೇ ಉಳಿಯಿತು. ಆ ಹುಡುಗಿ ನಿಶ್ಚಿಂತೆಯಿಂದ ತಂಗಿಯ ಮದುವೆಗೆ ಹೋಗಿ ಬಂದಳು.

ಕಡೆಯ ದಿನ ಬಾಗಿಲಲ್ಲಿ ನಿಂತು ಅವನು ಅವಳತ್ತ ತಿರುಗಿ ಹೇಳಿದ್ದು ಎರಡೇ ಪದ:

“ಹೋಗಿ ಬರುತ್ತೇನೆ.”