ತಂದೆಯವರ ಸ್ಕೂಟರು

ಪೂಜ್ಯ ತಂದೆಯವರು ಲಿಂಗೈಕ್ಯರಾದ ಮೇಲೆ ಮನೆ, ಹೊಲ, ತಾಮ್ರದ ಹಂಡೆಯವರೆಗೆ ಎಲ್ಲವೂ ಪಾಲಾದವು. ಪಾಲಾಗದೆ ಉಳಿದುದು ಹಿತ್ತಲಲ್ಲಿ ನಿಂತ 1984ರ ಬಜಾಜ್ ಚೇತಕ್ ಒಂದೇ. ಆ ದಿನದಿಂದ ನಾವು ಅಣ್ಣತಮ್ಮಂದಿರಿಬ್ಬರೂ ಮೂರು ವರ್ಷ ಮಾತು ಬಿಟ್ಟಿದ್ದೆವು. ಗಾಡಿಯನ್ನು ಗುಜರಿಗೆ ಹಾಕುವ ಸುದ್ದಿ ಬಂದಾಗ ಅವ್ವ, "ಒಮ್ಮೆ ಅದನ್ನ ನಡಿಸಿ ತೋರಸ್ರೆಪಾ, ಆಮ್ಯಾಲೆ ಬೇಕಾದ್ದು ಮಾಡ್ರಿ" ಎಂದಳು.

ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 1972ರಲ್ಲಿ ಬಂದ ಈ ಸ್ಕೂಟರಿಗೆ ಹಣ ಕಟ್ಟಿ ಜನರು ವರ್ಷಗಟ್ಟಲೆ ಕಾಯುತ್ತಿದ್ದರು. ತಂದೆಯವರೂ ಕಾದಿದ್ದರು.

ಹೊಸ ಪೆಟ್ರೋಲು ಹಾಕಿ, ಪ್ಲಗ್ ಒರೆಸಿ ಒದ್ದಾಗ ಎಂಜಿನ್ನೇನೋ ಹೊತ್ತಿಕೊಂಡಿತು. ಆದರೆ ಕ್ಲಚ್ ಹಿಡಿದು ಗೇರಿಗೆ ಹಾಕಿದೊಡನೆ ಗಾಡಿ ಮುಂದಕ್ಕೆ ಜಿಗಿದು ನಿಂತುಬಿಟ್ಟಿತು. ಕೇಬಲ್ಲಿನ ದೋಷವೆಂದು ಬಗೆದೆವು. ಕೇಬಲ್ ಸರಿಯಾಗಿಯೇ ಇತ್ತು. ಈ ಗಾಡಿಯ ಕ್ಲಚ್ ಗೇರಿನ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಕಾರ್ಕ್ ಹೊದಿಸಿದ ಪ್ಲೇಟುಗಳೂ ಉಕ್ಕಿನ ಪ್ಲೇಟುಗಳೂ ಸ್ಪ್ರಿಂಗಿನ ಒತ್ತಡಕ್ಕೆ ಸಿಕ್ಕಿ ಒಂದಾಗಿ ತಿರುಗುತ್ತವೆ. ಲಿವರ್ ಹಿಡಿದಾಗ ಬಿಡಿಯಾಗಬೇಕು. ಓಡಿಸದೆ ಬಿಟ್ಟುದರಿಂದ ಎಣ್ಣೆ ಅಂಟಾಗಿ ಅವು ಕಚ್ಚಿಕೊಂಡಿದ್ದವು. ತಪ್ಪು ಗಾಡಿಯದಲ್ಲ, ನಮ್ಮದು.

ಬಿಚ್ಚುವ ಮೊದಲು ಒಂದು ಉಪಾಯ ಮಾಡಿ ನೋಡಿರೆಂದು ಓಣಿಯ ಹಿರಿಯ ಮಿಸ್ತ್ರಿಯವರು ಹೇಳಿದರು. ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಎಣ್ಣೆ ಬಸಿದು 30ನೇ ನಂಬರಿನ ಹೊಸ ಎಣ್ಣೆ ತುಂಬಿ, ಎಂಜಿನ್ ಆರಿಸಿ, ನಾಲ್ಕನೆಯ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು ಗಾಡಿಯನ್ನು ಹಿಂದುಮುಂದು ಜಗ್ಗಬೇಕು. ಇದಕ್ಕೆ ಇಬ್ಬರು ಬೇಕು. ಹಿರಿಯವನು ಹಿಡಿದ, ಕಿರಿಯವನು ನೂಕಿದ. "ಹಿಡಿ", "ನೂಕು", "ತಡಿ" – ಮೂರು ವರ್ಷಗಳ ಮೇಲೆ ನಾವಾಡಿದ ಮಾತುಗಳು ಇಷ್ಟೇ. ಅದೂ ಸಿಟ್ಟಿನಲ್ಲಿ. ಸಂಜೆಯವರೆಗೂ ಜಗ್ಗಿದೆವು, ಬಿಡಲಿಲ್ಲ. ಕೊನೆಗೆ ಲಿವರನ್ನು ಹಿಡಿಕೆಗೆ ಹಗ್ಗದಿಂದ ಬಿಗಿದು ಮಲಗಿದೆವು.

ಬೆಳಿಗ್ಗೆ ನಾಲ್ಕನೆಯ ಜಗ್ಗಿಗೆ ಒಳಗೆ 'ಟಕ್' ಎಂದು ಸದ್ದಾಯಿತು, ಚಕ್ರ ಹಗುರಾಗಿ ತಿರುಗಿತು. ಇಬ್ಬರೂ ಒಟ್ಟಿಗೆ "ಬಿಡ್ತು!" ಎಂದು ಕೂಗಿದೆವು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಅವಳನ್ನು ಹಿಂದೆ ಕೂರಿಸಿಕೊಂಡು ಅಗಸಿಯವರೆಗೆ ಮೊದಲು ಒಬ್ಬನು, ಆಮೇಲೆ ಇನ್ನೊಬ್ಬನು ಹೋಗಿ ಬಂದೆವು.

ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆವು. ಸ್ಕೂಟರು ಈಗ ಒಂದು ತಿಂಗಳು ಒಬ್ಬನ ಅಂಗಳದಲ್ಲಿ, ಮರುತಿಂಗಳು ಇನ್ನೊಬ್ಬನ ಅಂಗಳದಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಬೇಕೆಂಬುದು ಅವ್ವನ ಕಟ್ಟಳೆ. ಹೊಲದ ಬದುವಿನ ತಂಟೆ ಮಾತ್ರ ಇನ್ನೂ ಮುಗಿದಿಲ್ಲ.