ಚೀಲದಲ್ಲಿ ಎರಡು ಏಳು

ಏಳನೇ ನಂಬರಿನ ಬ್ಲೇಡ್ ಐರನ್ನನ್ನು ಚೆಂಡಿನ ಹಿಂದೆ ಊರಿ, ನಿಂತಲ್ಲಿಂದಲೇ ಕಣ್ಣು ತಗ್ಗಿಸಿ ನೋಡಬೇಕು. ಕಾಣುವುದು ತೆಳ್ಳನೆಯ ಒಂದು ಗೆರೆ. ಕೆಳಗೆ ಚಿಕ್ಕ ಮುಖ, ಹಿಂದೆ ನುಣ್ಣನೆಯ ಬೆನ್ನು. ಒಂದು ಗ್ರಾಮ್ ಉಕ್ಕೂ ಹೆಚ್ಚಿಲ್ಲವೇನೋ ಅನ್ನಿಸುವ ಆಕಾರ. ಗಾಲ್ಫ್ ಗೊತ್ತಿಲ್ಲದವರ ಕೈಗೆ ಕೊಟ್ಟರೂ ಒಮ್ಮೆ ಬೀಸಿ ನೋಡುತ್ತಾರೆ. ಅದೇ ಜಾಗದಲ್ಲಿ ಈಗಿನ ಕ್ಯಾವಿಟಿ ಬ್ಯಾಕ್ ಐರನ್ ಇಡಿ. ದಪ್ಪ ನೆತ್ತಿ, ಅಗಲ ತಳ, ಬೆನ್ನಿನಲ್ಲಿ ಹಳ್ಳ, ಹಳ್ಳದೊಳಗೆ ಬಣ್ಣದ ಬಿಲ್ಲೆ. ಇದರ ರೂಪಕ್ಕೆ ಮರುಳಾದವರನ್ನು ನಾನು ಇನ್ನೂ ಕಂಡಿಲ್ಲ. ಆದರೆ ಆಟ ಮುಗಿದು ಕಾರ್ಡಿನ ಲೆಕ್ಕ ಕೂಡಿಸುವಾಗ ಕಾಫಿ ನಾನು ಕೊಡಿಸುತ್ತೇನೆ ಎನ್ನುವ ಉದಾರಿಗಳು ಸಾಮಾನ್ಯವಾಗಿ ಇದರ ಒಡೆಯರೇ. ಹೊಡೆತ ತುಸು ಆಚೀಚೆ ಆದರೂ ಚೆಂಡನ್ನು ಹೇಗೋ ದಡ ಸೇರಿಸುತ್ತದೆಂದು ಇದಕ್ಕೆ ಕ್ಷಮಿಸುವ ಕ್ಲಬ್ ಎಂಬ ಬಿರುದಿದೆ.

ನನ್ನ ಬ್ಲೇಡುಗಳು ಅಂಗಡಿಯಿಂದ ಬಂದವಲ್ಲ. ಅಪ್ಪ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆ ಹಂಚುವುದು, ಪಲ್ಪರ್ ಮನೆಯ ಕೀಲಿಕೈ ಕಾಯುವುದು ಅವರ ಕೆಲಸ. ಲೆಕ್ಕದಲ್ಲಿ ಕಾಲಾಣೆ ಕೂಡದಿದ್ದರೆ ರಾತ್ರಿ ಊಟಕ್ಕೆ ಏಳುತ್ತಿರಲಿಲ್ಲ. ತೋಟದ ದೊರೆ ಸ್ಕಾಟ್ಲೆಂಡಿನವರು. ಬಂಗಲೆ ಮುಂದಿನ ಇಳಿಜಾರಿನಲ್ಲಿ ನಾಲ್ಕಾರು ಗುಳಿ ತೋಡಿಸಿ, ಸಂಜೆ ಒಬ್ಬರೇ ಚೆಂಡು ಹೊಡೆಯುತ್ತಿದ್ದರಂತೆ. ಅರ್ಧ ಚೆಂಡುಗಳು ಕಾಫಿ ಗಿಡಗಳ ಸಂದಿಯಲ್ಲಿ ಮಾಯವಾಗಿ, ಹಣ್ಣು ಕೊಯ್ಯುವ ಕಾಲಕ್ಕೆ ಆಳುಗಳ ಬುಟ್ಟಿಯಲ್ಲಿ ಪ್ರತ್ಯಕ್ಷವಾಗುತ್ತಿದ್ದವಂತೆ. ಊರು ಬಿಟ್ಟು ಹೋಗುವಾಗ ದೊರೆ ಅಪ್ಪನಿಗೆ ಕೊಟ್ಟದ್ದು ಒಂದು ಗೋಡೆ ಗಡಿಯಾರ, ಎರಡು ಕಂಬಳಿ, ಕ್ಯಾನ್ವಾಸ್ ಚೀಲದ ತುಂಬ ಗ್ಲಾಸ್ಗೋದ ಜಾನ್ ಲೆಟರ್ಸ್ ಕಂಪನಿಯ ಐರನ್ನುಗಳು. ಗಡಿಯಾರ ನಡೆಯಿತು, ಕಂಬಳಿ ಹರಿಯಿತು, ಐರನ್ನುಗಳು ಅಟ್ಟ ಸೇರಿದವು. ಎರಡನೇ ನಂಬರಿನದೊಂದು ಮಾತ್ರ ಉಪಯೋಗಕ್ಕೆ ಬಿತ್ತು. ಅಮ್ಮ ಅದರಿಂದ ಪೇರಲೆ ಕೊಂಬೆ ಬಗ್ಗಿಸುತ್ತಿದ್ದರು. ಎರಡನೇ ನಂಬರ್ ಐರನ್ನಿಗೆ ಅದಕ್ಕಿಂತ ಒಳ್ಳೆಯ ಕೆಲಸವನ್ನು ನಾನಂತೂ ಇಂದಿಗೂ ಕಂಡುಹಿಡಿದಿಲ್ಲ.

ನಾನು ಆಟಕ್ಕೆ ಬಂದದ್ದು ಬ್ಯಾಂಕಿನ ವರ್ಗಾವಣೆಗಳೆಲ್ಲ ಮುಗಿದು ಮೈಸೂರಿನಲ್ಲಿ ನೆಲೆಯಾದ ಮೇಲೆ. ಇಲ್ಲಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನ ಇರುವುದು ರೇಸ್ ಕೋರ್ಸಿನ ಮಗ್ಗುಲಲ್ಲೇ. ಬೆಳಿಗ್ಗೆ ಒಂದು ಕಡೆ ಕುದುರೆಗಳ ಓಟ, ಇನ್ನೊಂದು ಕಡೆ ನಮ್ಮಂಥವರ ಕುಂಟಾಟ, ಎರಡನ್ನೂ ನೋಡುತ್ತ ಚಾಮುಂಡಿ ಬೆಟ್ಟ. ಅಟ್ಟದಿಂದ ಇಳಿಸಿದ ಬ್ಲೇಡುಗಳಿಗೆ ಹೊಸ ಗ್ರಿಪ್ ಹಾಕಿಸಿ ಅಲ್ಲಿಗೆ ಹೊತ್ತುಕೊಂಡು ಹೋದೆ. ಧನುರ್ಮಾಸದ ಚಳಿಯಲ್ಲಿ ಬ್ಲೇಡಿನ ತುದಿಗೆ ಚೆಂಡು ತಾಗಿದರೆ ಏನಾಗುತ್ತದೆಂಬುದನ್ನು ಅನುಭವಿಸಿದವರೇ ಹೇಳಬೇಕು. ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದು, ಹಲ್ಲು ಕೂಡ ಅದುರುತ್ತದೆ. ಚೆಂಡು ಮೊಲದಂತೆ ನೆಲ ಹಿಡಿದು ಓಡಿ ಪೊದೆ ಸೇರುತ್ತದೆ. ನನ್ನ ಚೀಲ ಹೊರುವ ಕ್ಯಾಡಿ ಚೆಂಡನ್ನು ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. "ಕಿವೀಲೇ ಗೊತ್ತಾಯ್ತು ಸಾರ್, ಅರ್ಧ ಇಂಚು ಆಚೆ" ಎನ್ನುತ್ತಿದ್ದ. ನಿಜವಾಗಿ ಅರ್ಧ ಇಂಚೇ. ಹಾಗೆಂದು ಮುಖದ ನಟ್ಟನಡುವೆ ತಾಗಿದ ದಿನ ಕೈಗೆ ಏನೂ ತಗುಲಿದಂತೆಯೇ ಇರುತ್ತಿರಲಿಲ್ಲ. ಆ ಏನೂ ಇಲ್ಲದ ಸುಖಕ್ಕಾಗಿ ವಾರವಿಡೀ ಕೈ ಜುಮ್ಮೆನಿಸಿಕೊಳ್ಳಲು ಮನುಷ್ಯ ಸಿದ್ಧನಾಗುತ್ತಾನೆ.

ಗಾಲ್ಫಿನಲ್ಲಿ ಕಬ್ಬಿಣ ದೊಡ್ಡಸ್ತಿಕೆಗೆ ಬಂದದ್ದು ತಡವಾಗಿ. ಸ್ಕಾಟ್ಲೆಂಡಿನಲ್ಲಿ ಬಹುಕಾಲ ಚೆಂಡೆಂದರೆ ಗರಿ ತುಂಬಿ ಹೊಲಿದ ತೊಗಲಿನ ಉಂಡೆ. ಒಂದು ಏಟು ತಪ್ಪಿದರೆ ಕಬ್ಬಿಣ ಅದನ್ನು ಸೀಳಿಬಿಡುತ್ತಿತ್ತು. ಚೆಂಡು ದುಬಾರಿ, ಹಾಗಾಗಿ ಮರದ ಕ್ಲಬ್ಬೇ ಕ್ಷೇಮ. ಗಾಡಿಯ ಜಾಡಿನಲ್ಲೋ ಕಲ್ಲುಮಣ್ಣಿನಲ್ಲೋ ಸಿಕ್ಕಿಬಿದ್ದಾಗ ಮಾತ್ರ ಕಬ್ಬಿಣ ಹೊರಗೆ ಬರುತ್ತಿತ್ತು. 1848ರ ಹೊತ್ತಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂತು. ಅಗ್ಗ, ಗಟ್ಟಿ, ಒಡೆದರೂ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮತ್ತೆ ಉಂಡೆ ಕಟ್ಟಬಹುದು. ಅಲ್ಲಿಂದ ಕಮ್ಮಾರರಿಗೆ ಕಾಲ ಕೂಡಿ ಬಂತು. ಸೇಂಟ್ ಆಂಡ್ರೂಸಿನ ಟಾಮ್ ಸ್ಟೀವರ್ಟ್‌ನಂಥವರು ಕುಲುಮೆಯಲ್ಲಿ ಕಾಯಿಸಿ ಬಡಿದು ಐರನ್ನುಗಳನ್ನು ಮಾಡಿ, ಬೆನ್ನಿಗೆ ತಮ್ಮ ಮುದ್ರೆ ಒತ್ತಿದರು. ಸ್ಟೀವರ್ಟ್‌ನ ಮುದ್ರೆ ಹೊಗೆ ಸೇದುವ ಪೈಪು. ಆಗ ಕ್ಲಬ್ಬುಗಳಿಗೆ ನಂಬರೂ ಇರಲಿಲ್ಲ. ಕ್ಲೀಕ್, ಮ್ಯಾಶಿ, ನಿಬ್ಲಿಕ್ ಎಂದು ಒಂದೊಂದಕ್ಕೊಂದು ಹೆಸರು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರಲ್ಲಿ ಬಿಳಿಯರ ಚೀಲದಲ್ಲಿ ಇದ್ದವು ಇಂಥವೇ ಇರಬೇಕು. ಬಡಿದು ಮಾಡಿದ ಕಬ್ಬಿಣಕ್ಕೆ ಸಹಜವಾಗಿ ಬರುವ ಆಕಾರವೇ ಬ್ಲೇಡ್. ಅದನ್ನು ಯಾರೂ ಕಠಿಣವಾಗಲಿ ಎಂದು ಬಯಸಿ ಮಾಡಿದ್ದಲ್ಲ. ಸುತ್ತಿಗೆಗೆ ಅದು ಸುಲಭ, ಅಷ್ಟೇ.

ಕಠಿಣವಾಗಲಿ ಎಂದು ನಿಜಕ್ಕೂ ಬಯಸಿದವರು ಅಮೆರಿಕದ ಆಟಗಾರ ಬೆನ್ ಹೋಗನ್. 1949ರಲ್ಲಿ ಅವರ ಕಾರಿಗೆ ಬಸ್ಸೊಂದು ಎದುರಿನಿಂದ ಬಂದು ಗುದ್ದಿತು. ಇನ್ನು ನಡೆಯುವುದೇ ಸಂಶಯ ಎಂದವರಿದ್ದರು. ಮರುವರ್ಷ ಅವರು ಮೆರಿಯನ್ ಮೈದಾನದ ಯುಎಸ್ ಓಪನ್ನಿನಲ್ಲಿದ್ದರು. ಕೊನೆಯ ದಿನ 36 ಹೋಲ್ ಆಡಬೇಕು, ಕಾಲಿಗೆಲ್ಲ ಬ್ಯಾಂಡೇಜು. ಕೊನೆಯ ಹೋಲಿನಲ್ಲಿ ಒಂದನೇ ನಂಬರ್ ಐರನ್ ಎತ್ತಿ ಗ್ರೀನ್ ಮುಟ್ಟಿಸಿದರು. ಪ್ಲೇ ಆಫ್‌ಗೆ ಉಳಿದುಕೊಂಡು ಮಾರನೆಯ ದಿನ ಗೆದ್ದರು. ಆ ಏಟಿನ ಚಿತ್ರವನ್ನು ಹೈ ಪೆಸ್ಕಿನ್ ಹಿಂದಿನಿಂದ ತೆಗೆದಿದ್ದಾರೆ. ಗಾಲ್ಫಿನಲ್ಲಿ ಅದಕ್ಕಿಂತ ಹೆಸರಾದ ಚಿತ್ರ ಬಹುಶಃ ಇಲ್ಲ. ಅದೇ ದಿನ ಆ ಕ್ಲಬ್ಬನ್ನು ಯಾರೋ ಕದ್ದರು. ಅದು ಸಿಕ್ಕಿದ್ದು 1983ರಲ್ಲಿ. ಗುರುತು ಹಿಡಿದವರ ಕಣ್ಣಿಗೆ ಬಿದ್ದದ್ದು ಮುಖದ ಮೇಲಿನ ಸವೆತ: ಒಂದು ನಾಣ್ಯದಗಲದ ಜಾಗ ಮಾತ್ರ ಸವೆದಿತ್ತು, ಉಳಿದದ್ದು ಹಾಗೇ ಇತ್ತು. ನನ್ನ ಬ್ಲೇಡಿನ ಮುಖವನ್ನು ನೋಡಿದರೆ ಸವೆತ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆ. ಸಮಾನತೆಯಲ್ಲಿ ನಂಬಿಕೆ ಇಟ್ಟ ಆಟಗಾರ ನಾನು.

ಹೋಗನ್ 1953ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತಿನಲ್ಲಿ ತಮ್ಮದೇ ಕಂಪನಿ ತೆರೆದು, ತಯಾರಾದ ಮೊದಲ ಕ್ಲಬ್ಬುಗಳು ಮನಸ್ಸಿಗೆ ಬರಲಿಲ್ಲವೆಂದು ಮಾರಲು ಬಿಡದೆ ಗುಜರಿಗೆ ಹಾಕಿಸಿದರು. ಅಪ್ಪ ಇದನ್ನು ಕೇಳಿದ್ದರೆ ಆ ಮನುಷ್ಯನಿಗೆ ಚೆಕ್‌ರೋಲ್ ಪುಸ್ತಕವನ್ನೇ ಒಪ್ಪಿಸುತ್ತಿದ್ದರೇನೋ.

ಕ್ಷಮಿಸುವ ಕ್ಲಬ್ಬಿನ ಪಿತಾಮಹನ ಕಥೆ ಬೇರೆಯದೇ. ಕಾರ್ಸ್ಟನ್ ಸೋಲ್ಹೈಮ್ 1911ರಲ್ಲಿ ನಾರ್ವೆಯ ಬರ್ಗೆನ್ನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಮೊದಲು ಚಮ್ಮಾರಿಕೆ, ಆಮೇಲೆ ಎಂಜಿನಿಯರಿಕೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ. ಗಾಲ್ಫ್ ಹಿಡಿದದ್ದು ನಲವತ್ತು ದಾಟಿದ ಮೇಲೆ. ಪಟ್ ಮಾಡಿದರೆ ಚೆಂಡು ಗುಳಿಯ ಕಡೆ ಹೋಗುತ್ತಿರಲಿಲ್ಲ. ನಮ್ಮಂಥವರು ಇಂಥ ಹೊತ್ತಿನಲ್ಲಿ ಕೈಯನ್ನು ಬೈಯುತ್ತೇವೆ. ಅವರು ಪಟರನ್ನು ಅನುಮಾನಿಸಿದರು. ಎರಡು ಸಕ್ಕರೆ ಗಟ್ಟಿಗಳನ್ನು ಐಸ್‌ಕ್ಯಾಂಡಿ ಕಡ್ಡಿಗಳಿಗೆ ಅಂಟಿಸಿ ತೂಕ ತುದಿಗಳಲ್ಲಿದ್ದರೆ ಏನಾಗುತ್ತದೆಂದು ಪರೀಕ್ಷಿಸಿದರೆಂದು ಹೇಳುತ್ತಾರೆ. 1959ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಗ್ಯಾರೇಜಿನಲ್ಲಿ ಮಾಡಿದ ಪಟರ್ ಚೆಂಡಿಗೆ ತಾಗಿದಾಗ 'ಪಿಂಗ್' ಎಂದಿತು. ಅದೇ ಕಂಪನಿಯ ಹೆಸರಾಯಿತು. 1966ರಲ್ಲಿ ಗ್ರಾಮಫೋನ್ ರೆಕಾರ್ಡಿನ ಕವರಿನ ಮೇಲೆ ಗೀಚಿಟ್ಟ ಇನ್ನೊಂದು ಪಟರ್ ಅವರಿಗೆ ದೊಡ್ಡ ಹೆಸರು ತಂದಿತು. ಮರುವರ್ಷ ನೌಕರಿ ಬಿಟ್ಟು ಅರಿಜೋನಾದ ಫೀನಿಕ್ಸ್‌ನಲ್ಲಿ ಪೂರ್ತಿ ಇದಕ್ಕೇ ನಿಂತರು.

ಪಟರಿನಲ್ಲಿ ಗೆದ್ದ ಉಪಾಯವನ್ನೇ ಅವರು ಐರನ್ನಿಗೂ ತಂದರು. ಬ್ಲೇಡಿನ ತೂಕವೆಲ್ಲ ನಡುವೆ ಇರುತ್ತದೆ. ಚೆಂಡು ತುದಿಗೆ ತಾಗಿದೊಡನೆ ಮುಖ ತಿರುಗಿಕೊಳ್ಳುತ್ತದೆ, ಏಟಿನ ಬಲ ಸೋರಿಹೋಗುತ್ತದೆ. ಬೆನ್ನನ್ನು ಕೊರೆದು ಆ ತೂಕವನ್ನು ಅಂಚಿಗೆ ತಳ್ಳಿದರೆ ಮುಖ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಹೆಗಲ ಮೇಲೆ ಬರಿಯ ಕೋಲನ್ನು ಇಟ್ಟುಕೊಂಡವನು ಕರೆದ ಕಡೆ ಗಿರಕ್ಕನೆ ತಿರುಗಬಲ್ಲ. ಎರಡು ತುದಿಗೆ ಕೊಡ ಕಟ್ಟಿದ ಕಾವಡಿ ಹೊತ್ತವನನ್ನು ತಿರುಗಿಸಿ ನೋಡಿ. ಈ ಕ್ಷಮೆಯಲ್ಲಿ ಕರುಣೆಗಿರುವ ಪಾಲು ಇಷ್ಟೇ, ಉಳಿದದ್ದೆಲ್ಲ ಜಡತ್ವ. ಹಾಗೆ ಹಳ್ಳ ಬಿದ್ದ ಆಕಾರವನ್ನು ಸುತ್ತಿಗೆಯಲ್ಲಿ ಬಡಿದು ತರುವುದು ಕಷ್ಟ. ಅದಕ್ಕೆ ಮೇಣದ ಅಚ್ಚು ಮಾಡಿ, ಸುತ್ತ ಕವಚ ಕಟ್ಟಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುವ ಎರಕ ಬೇಕಾಯಿತು. ನಮ್ಮಲ್ಲಿ ಪಂಚಲೋಹದ ಉತ್ಸವಮೂರ್ತಿಗಳು ರೂಪ ತಾಳುವುದೂ ಇದೇ ದಾರಿಯಲ್ಲಿ. 1982ರಲ್ಲಿ ಬಂದ ಪಿಂಗ್ ಐ-2 ಚಂದವಿಲ್ಲದ ಮುಖದಲ್ಲೇ ಜಗತ್ತನ್ನು ಗೆದ್ದಿತು. ಬ್ಲೇಡಿನವರು ಮೊದಲು ನಕ್ಕರು, ಆಮೇಲೆ ಗೊಣಗಿದರು, ಕೊನೆಗೆ ಎಷ್ಟೋ ಜನ ಕೊಂಡರು.

ನಾನು ಕೊಳ್ಳಲಿಲ್ಲ. ಮಗ ಕೊಡಿಸಿದ. ಅವನು ಇರುವುದೂ ಫೀನಿಕ್ಸ್ ಕಡೆಯೇ. ಆ ಮರಳುಗಾಡಿನಲ್ಲಿ ಕನ್ನಡದವರು ಯುಗಾದಿಗೆ ಹೋಳಿಗೆ ಮಾಡುತ್ತಾರೆ, ಭಾನುವಾರ ಗಾಲ್ಫ್ ಆಡುತ್ತಾರೆ. "ಅಪ್ಪಾ, ನೀನು ಮ್ಯೂಸಿಯಂ ಹೊತ್ಕೊಂಡು ಓಡಾಡ್ತಿದೀಯ" ಎಂದು ಫಿಟ್ಟಿಂಗಿಗೆ ಕರೆದುಕೊಂಡು ಹೋದ. ಅಲ್ಲಿ ಎತ್ತರ ಅಳೆದರು. ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಎಂದೂ ಅಳೆದರು. ಹುಡುಗಿ ನೋಡಲು ಹೋದಾಗಲೂ ನನ್ನನ್ನು ಯಾರೂ ಇಷ್ಟು ವಿಚಾರಿಸಿರಲಿಲ್ಲ. ಅಳತೆಯನ್ನು ಪಟ್ಟಿಯೊಂದರ ಮೇಲೆ ಹಿಡಿದರೆ ಒಂದು ಬಣ್ಣದ ಚುಕ್ಕಿ ಸಿಗುತ್ತದೆ. ಕಪ್ಪು ಎಂದರೆ ಸಾಮಾನ್ಯರು. ನನ್ನದು ಕೆಂಪು, ಅಂದರೆ ಕ್ಲಬ್ಬು ನೆಲದ ಕಡೆ ತುಸು ಹೆಚ್ಚು ಬಾಗಿರಬೇಕು. ಆಮೇಲೆ ಯಂತ್ರದ ಮುಂದೆ ನಿಲ್ಲಿಸಿದರು. ಪರದೆಯ ಮೇಲೆ ಚೆಂಡಿನ ವೇಗ, ಎತ್ತರ, ತಿರುಗಾಟ ಎಲ್ಲ ಮೂಡುತ್ತವೆ. ನಡುವೆ ತಾಗಿದ ಏಟುಗಳಲ್ಲಿ ಎರಡು ಬಗೆಯ ಕ್ಲಬ್ಬಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ತಪ್ಪಿದ ಏಟುಗಳಲ್ಲಿ ಬ್ಲೇಡಿನ ಚುಕ್ಕಿಗಳು ಪರದೆಯ ತುಂಬ ಚೆಲ್ಲಾಡಿದವು, ಕ್ಯಾವಿಟಿಯವು ಮನೆಯ ಮಕ್ಕಳಂತೆ ಅಲ್ಲಲ್ಲೇ ಕೂತವು.

ಆದರೆ ಬಡಿದು ಮಾಡಿದ ಉಕ್ಕಿನ ಮೆದು ಸ್ಪರ್ಶವನ್ನು ಎರಕದ್ದು ಕೊಟ್ಟೀತೇ ಎಂದೆ. ಬ್ಲೇಡಿನವರ ಕೊನೆಯ ಕೋಟೆ ಇದು. ಜಪಾನಿನಲ್ಲಿ ಹಿಮೇಜಿಯ ಹತ್ತಿರ ಇಚಿಕಾವಾ ಎಂಬ ಊರಿದೆ. ಕತ್ತಿ ಮಾಡುವವರ ಸೀಮೆ. ಅಲ್ಲಿ ಮಿಯುರಾದಂಥ ಕಮ್ಮಾರ ಮನೆತನಗಳು ಬಡಿದ ಬ್ಲೇಡನ್ನು ಕೈಗೆತ್ತಿಕೊಂಡವರು ಬೆಲೆ ಕೇಳುವ ಮೊದಲೇ ಅರ್ಧ ಸೋತಿರುತ್ತಾರೆ. ಮಗ ಏನೂ ಹೇಳಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಹೊಡೆದು ನೋಡು ಅಂದ. ಹೊಡೆದೆ. ಸದ್ದು ಹೋದೊಡನೆ ಮೆದುತನದ ಮುಕ್ಕಾಲು ಪಾಲೂ ಹೋಯಿತು. ಸ್ಪರ್ಶವೆಂದು ನಾವು ಕೊಂಡಾಡುವುದರಲ್ಲಿ ಕಿವಿಯ ಕೈವಾಡ ಬಹಳ. ಉಳಿದ ಕಾಲು ಪಾಲು ಮಾತ್ರ ನಿಜ ಎಂದು ಈಗಲೂ ವಾದಿಸುತ್ತೇನೆ. ಅರ್ಧ ಇಂಚು ಆಚೆ ಎಂಬ ಸುದ್ದಿ ಕೈಗೆ ತಲುಪುವುದು ಆ ದಾರಿಯಲ್ಲೇ. ಕ್ಯಾವಿಟಿ ಆ ಸುದ್ದಿಯನ್ನು ಮುಚ್ಚಿಟ್ಟು, ಎಲ್ಲ ಸರಿಯಾಗಿದೆ ಸ್ವಾಮಿ ಎನ್ನುತ್ತದೆ.

ಮೈಸೂರಿಗೆ ತಂದು ಆಡಿದ ಮೇಲೆ ಇನ್ನೊಂದು ಗುಟ್ಟು ಬಯಲಾಯಿತು. ಹೊಸ ಏಳು ಹಳೆಯ ಏಳಿಗಿಂತ ಬಹಳ ದೂರ ಹೋಗುತ್ತಿತ್ತು. ಕ್ಲಬ್ಬಿನಲ್ಲಿ ನನ್ನ ತೋಳಿನ ಬಗ್ಗೆ ಎರಡು ಒಳ್ಳೆಯ ಮಾತು ಕೇಳಿಬಂದವು. ತೋಳಿನದೇನಿಲ್ಲ. ಹಿಂದಿನ ಏಳರ ಮುಖದ ಓರೆ 38 ಡಿಗ್ರಿಯ ಸುತ್ತಮುತ್ತ, ಈಗಿನದು 30ರ ಆಸುಪಾಸು. ತೂಕ ತಳಕ್ಕೆ ಇಳಿದಿರುವುದರಿಂದ ಚೆಂಡು ತಾನಾಗಿ ಏಳುತ್ತದೆ. ಹಾಗಾಗಿ ಓರೆ ಕಡಿಮೆ ಮಾಡಿದರೂ ನಡೆಯುತ್ತದೆ, ದೂರ ಹೆಚ್ಚುತ್ತದೆ, ಮಾರಾಟವೂ ಹೆಚ್ಚುತ್ತದೆ. ನಂಬರ್ ಮಾತ್ರ ಬದಲಾಗಿಲ್ಲ. ಹೊಸ ಸೆಟ್ಟಿನ ಒಂಬತ್ತು ಹೆಚ್ಚು ಕಡಿಮೆ ಹಳೆಯ ಸೆಟ್ಟಿನ ಏಳು. ಅಪ್ಪನ ಪುಸ್ತಕದಲ್ಲಿ ಇಂಥ ಬರಹಕ್ಕೆ ಕೆಂಪು ಮಸಿ ಬೀಳುತ್ತಿತ್ತು.

ದೂರದ ಏಟುಗಳಲ್ಲಿ ನನ್ನ ತಪ್ಪು ಎಷ್ಟು ದೊಡ್ಡದೆಂದರೆ ಅದರ ವರದಿ ನನಗೆ ಬೇಡ, ಚೆಂಡು ಎಲ್ಲಾದರೂ ಮುಂದೆ ಹೋಗಿ ಬಿದ್ದರೆ ಸಾಕು. ಗ್ರೀನ್ ಹತ್ತಿರವಾದಂತೆ ಸಂಗತಿ ಬೇರೆ. ಅಲ್ಲಿ ಅರ್ಧ ಇಂಚಿನ ಸುದ್ದಿ ಕೈಗೆ ಬೇಕು. ಅದು ಬಂದರೆ ಮುಂದಿನ ಏಟು ತಿದ್ದಿಕೊಳ್ಳುತ್ತದೆ. ದುಡ್ಡಿಗಾಗಿ ಆಡುವ ದೊಡ್ಡವರಲ್ಲೂ ಉದ್ದದ ಐರನ್ನು ಕ್ಯಾವಿಟಿ, ಗಿಡ್ಡದ್ದು ಬ್ಲೇಡ್ ಎಂದು ಬೆರೆಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಬ್ಲೇಡ್ ಹಿಡಿದವನೇ ಗಂಡು ಎಂಬ ಮಾತನ್ನು ನಾನು ಕ್ಲಬ್ಬಿನಲ್ಲಿ ಕೇಳಿದಷ್ಟು ಗಟ್ಟಿಯಾಗಿ ಅವರ್ಯಾರೂ ಆಡಿದಂತಿಲ್ಲ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ಬಿರಬಾರದೆಂಬ ನಿಯಮ ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ ಅದರ ಮರುವರ್ಷ ಬಂತು. ಆದರೆ ಯಾವ ನಂಬರ್ ಎಷ್ಟು ಸಲ ಇರಬೇಕೆಂದು ಯಾವ ಪುಸ್ತಕವೂ ಕೇಳುವುದಿಲ್ಲ. ಹಾಗಾಗಿ ನನ್ನ ಚೀಲದಲ್ಲಿ ಈಗ ಫೀನಿಕ್ಸ್‌ನ ಐದು, ಆರು, ಏಳು. ಅವುಗಳ ಪಕ್ಕದಲ್ಲಿ ಗ್ಲಾಸ್ಗೋದ ಏಳು, ಎಂಟು, ಒಂಬತ್ತು. ಎರಡು ಏಳುಗಳ ನಡುವೆ ಒಂದಷ್ಟು ಗಜದ ಕಂದಕ ಬೀಳುತ್ತದೆ. ಅಲ್ಲಿ ಹೊಸ ಏಳನ್ನು ಗಿಡ್ಡ ಹಿಡಿದು ಮೆಲ್ಲಗೆ ಬೀಸುತ್ತೇನೆ.

ಕ್ಯಾಡಿಗೆ ಇದೆಲ್ಲ ಒಂದು ವಾರದಲ್ಲಿ ರೂಢಿಯಾಯಿತು. ನಾನು "ಏಳು ಕೊಡಪ್ಪ" ಎಂದರೆ ಅವನು ಚೀಲಕ್ಕೆ ಕೈ ಹಾಕುವ ಮೊದಲು ಬಾವುಟ ನೋಡುತ್ತಾನೆ, ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಾನೆ.

"ಯಾವ ಏಳು ಸಾರ್? ಅಪ್ಪಂದಾ, ಮಗಂದಾ?"

ಗಾಳಿ ಎದುರಿಗಿದ್ದರೆ ಮಗಂದು.