ಸೆಲ್ಫ್ ಹೊಡೆಯುತ್ತೆ, ಗಾಡಿ ಏಳಲ್ಲ

ಸೂರತ್, ಬರೋಡ, ಅಹಮದಾಬಾದ್, ಈ ಮೂರೂ ಊರುಗಳಲ್ಲಿ ನನ್ನ ಹೊಟ್ಟೆ ಹೊರೆದದ್ದು ಬೇರೆಯವರು ಕತ್ತರಿಸಿ ಜೋಡಿಸಿದ ವೈರುಗಳು. ಕಂಪನಿಯಿಂದ ಹೇಗೆ ಬಂತೋ ಹಾಗೇ ಇರುವ ಕಾರಿನಿಂದ ಆಟೊ ಎಲೆಕ್ಟ್ರಿಷಿಯನ್ನನಿಗೆ ಹುಟ್ಟುವ ದುಡ್ಡು ಕಡಿಮೆ. ಬಲ್ಬು, ಬ್ಯಾಟರಿ, ಅಪರೂಪಕ್ಕೊಮ್ಮೆ ಸೆಲ್ಫ್ ಮೋಟಾರಿನ ಬುಶ್, ಅಷ್ಟೆ. ಯಾರಾದರೂ ಅದಕ್ಕೊಂದು ಗ್ಯಾಸ್ ಕಿಟ್ ಕೂರಿಸಬೇಕು, ಮರುದಿನ ಬೆಳಿಗ್ಗೆ ಗಾಡಿ ಮುಷ್ಕರ ಹೂಡಬೇಕು. ಕಿಟ್ ಹಾಕಿದವನು "ನನ್ನ ಕೆಲಸ ಪಕ್ಕಾ, ಇಂಜಿನ್ ತೋರಿಸಿ" ಅನ್ನುತ್ತಾನೆ. ಇಂಜಿನ್ ಮೇಸ್ತ್ರಿ "ಕಿಟ್ ಹಾಕಿದವನನ್ನೇ ಕೇಳಿ" ಅನ್ನುತ್ತಾನೆ. ಇಬ್ಬರ ನಡುವೆ ಮಾಲೀಕ ಕಂಗಾಲು. ಆಗ ನಮಗೆ ಬುಲಾವ್.

ನಾನು ಉಡುಪಿ ಕಡೆಯವನು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಸೂರತ್ ಸ್ಟೇಷನ್ನಿನ ಹತ್ತಿರ ಸೋದರಮಾವ ನಡೆಸುತ್ತಿದ್ದ ಹೋಟೆಲಿಗೆ ಬಂದು ಸೇರಿದೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರ ಜನವರಿಯಲ್ಲಿ. ನಾನು ಬಂದಾಗಿನ್ನೂ ಬಸ್ಸಿನಲ್ಲಿ ಮುಂಬಯಿ, ಅಲ್ಲಿಂದ ರೈಲು. "ಗಲ್ಲೆಯಲ್ಲಿ ಕೂತ್ಕೊ ಮಾರಾಯ, ಅಂಗಿ ಆದ್ರೂ ಬಿಳಿ ಇರ್ತದೆ" ಎಂದು ಮಾವ ಎಷ್ಟು ಹೇಳಿದರೂ ನನಗೆ ಎದುರಿನ ಗ್ಯಾರೇಜಿನ ಪೆಟ್ರೋಲ್ ವಾಸನೆಯೇ ಹಿತವಾಯಿತು. ಅಲ್ಲಿದ್ದ ಉಸ್ತಾದರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಗಿರಾಕಿ ಬಂದು "ಗಾಡಿ ಚಾಲೂ ನಥೀ ಥತೀ" ಎಂದು ಗೋಳು ತೋಡಿಕೊಂಡರೆ ಚಾಚಾ ಬಾನೆಟ್ ಎತ್ತುತ್ತಲೇ ಇರಲಿಲ್ಲ. ಮೊದಲು ಒಂದೇ ಪ್ರಶ್ನೆ: "ಛೇಲ್ಲೇ ಕೋಣೇ ಹಾಥ್ ಲಗಾಡ್ಯೋ?" ಕೊನೆಗೆ ಕೈ ಹಾಕಿದವರು ಯಾರು? ನಿನ್ನೆ ಓಡಿದ ಗಾಡಿ ಇವತ್ತು ಓಡದಿದ್ದರೆ ನಿನ್ನೆಗೂ ಇವತ್ತಿಗೂ ನಡುವೆ ಯಾರದೋ ಕೈ ಇರಬೇಕು, ಆ ಕೈ ಹೋದ ದಾರಿಯಲ್ಲೇ ಹುಡುಕಬೇಕು. ಚಾಚಾ ಓದಿದವರಲ್ಲ, ಆದರೆ ಈ ಲೆಕ್ಕದಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ.

ಆಗ ಊರಲ್ಲಿದ್ದ ಹುಚ್ಚು ಡೀಸೆಲ್ಲಿನದು. ಬಟ್ಟೆ ವ್ಯಾಪಾರದ ಶೇಠುಗಳು ಅಂಬಾಸಿಡರಿನ ಪೆಟ್ರೋಲ್ ಇಂಜಿನ್ ಕೆಳಗಿಳಿಸಿ ಡೀಸೆಲ್ ಇಂಜಿನ್ ಕೂರಿಸುತ್ತಿದ್ದರು. ಇಂಜಿನ್ ಬದಲಾಗುತ್ತಿತ್ತು, ಬ್ಯಾಟರಿ ಮಾತ್ರ ಹಳೆಯದೇ, ಕೇಬಲ್ಲೂ ಹಳೆಯದೇ. ಡೀಸೆಲ್ಲಿನ ಕಂಪ್ರೆಶನ್ ದುಪ್ಪಟ್ಟಿಗಿಂತ ಹೆಚ್ಚು. ಡಿಸೆಂಬರಿನ ಬೆಳಿಗ್ಗೆ ಅದನ್ನು ತಿರುಗಿಸುವ ತ್ರಾಣ ಆ ಬ್ಯಾಟರಿಗೆಲ್ಲಿ? ದೊಡ್ಡ ಬ್ಯಾಟರಿ, ದಪ್ಪ ಕೇಬಲ್, ಸರಿಯಾದ ಅರ್ಥ್, ಹೀಟರ್ ಪ್ಲಗ್, ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಅದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ.

ನಿಜವಾದ ಪಾಠ ಶುರುವಾದದ್ದು ಗ್ಯಾಸ್ ಬಂದ ಮೇಲೆ. ಗುಜರಾತಿಗೆ ಗ್ಯಾಸ್ ಹೊಸದಲ್ಲ. ಅಂಕ್ಲೇಶ್ವರದಲ್ಲಿ ಎಣ್ಣೆ ಸಿಕ್ಕಿದ್ದು 1960ರಲ್ಲಿ. ಬರೋಡದ ಮನೆಗಳ ಒಲೆಗೆ ಎಪ್ಪತ್ತರ ದಶಕದಿಂದಲೇ ಪೈಪಿನಲ್ಲಿ ಗ್ಯಾಸ್ ಬರುತ್ತಿತ್ತು. ಸೂರತ್ತಿನ ಪಕ್ಕದ ಹಜೀರಾದಲ್ಲಿ ಸಮುದ್ರದ ಗ್ಯಾಸ್ ದಡ ಸೇರುತ್ತಿತ್ತು. ಕಾಲಡಿಯಲ್ಲೇ ಪೈಪು ಹರಿಯುವ ಊರಿನಲ್ಲಿ, ಪೈಸೆ ಪೈಸೆ ಎಣಿಸುವ ಜನರ ನಡುವೆ, ಸಿಎನ್‌ಜಿ ಪಂಪು ಬಂದರೆ ಏನಾಗಬೇಕೋ ಅದೇ ಆಯಿತು. ಮಾರುತಿ 800, ಓಮ್ನಿ, ಹಳೆಯ ಪದ್ಮಿನಿ, ಎಲ್ಲದರ ಡಿಕ್ಕಿಯಲ್ಲೂ ಸಿಲಿಂಡರ್. ಸಾಮಾನಿಡುವ ಜಾಗ ಹೋಯಿತೆಂದು ಗೊಣಗಿದವರು ಕಡಿಮೆ.

ಕಾರ್ಬೊರೇಟರ್ ಗಾಡಿಯ ಕಿಟ್ ಸರಳ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗ್ಯಾಸ್. ಸ್ಟೀಲ್ ಪೈಪಿನಲ್ಲಿ ಮುಂದಕ್ಕೆ ಬಂದು ರೆಡ್ಯೂಸರಿನಲ್ಲಿ ಒತ್ತಡ ಇಳಿಸಿಕೊಂಡು, ಕಾರ್ಬೊರೇಟರಿನ ನೆತ್ತಿಯ ಮೇಲೆ ಕೂರಿಸಿದ ಮಿಕ್ಸರಿನಲ್ಲಿ ಗಾಳಿಯ ಜೊತೆ ಸೇರುತ್ತದೆ. ಒತ್ತಡ ಇಳಿಯುವಾಗ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ, ಹಾಗಾಗಿ ಇಂಜಿನ್ನಿನ ಬಿಸಿನೀರನ್ನು ರೆಡ್ಯೂಸರಿನ ಸುತ್ತ ಹರಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್: ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಗ್ಯಾಸ್, ನಡುವೆ ಏನೂ ಇಲ್ಲ. ಆ ನಡುವಿನ ಜಾಗದಲ್ಲೇ ಅರ್ಧ ಗುಟ್ಟು. ಪೆಟ್ರೋಲಿನಿಂದ ಗ್ಯಾಸಿಗೆ ಬರುವಾಗ ಸ್ವಿಚ್ಚನ್ನು ನಡುವೆ ನಿಲ್ಲಿಸಿ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಉರಿದು ಇಂಜಿನ್ ಮುಗ್ಗರಿಸುವ ತನಕ ಕಾಯಬೇಕು, ಆಮೇಲೆ ಗ್ಯಾಸಿಗೆ ತಳ್ಳಬೇಕು. ಅವಸರದವರು ಒಂದೇ ಏಟಿಗೆ ತಳ್ಳುತ್ತಿದ್ದರು. ಪೆಟ್ರೋಲೂ ಗ್ಯಾಸೂ ಒಟ್ಟಿಗೆ ನುಗ್ಗಿ ಇಂಜಿನ್ ಉಸಿರುಕಟ್ಟಿ ನಿಲ್ಲುತ್ತಿತ್ತು. ಮತ್ತೆ ಮತ್ತೆ ಸೆಲ್ಫ್ ಹೊಡೆದು ಪ್ಲಗ್ಗುಗಳೆಲ್ಲ ಒದ್ದೆ. ತಿಂಗಳುಗಟ್ಟಲೆ ಗ್ಯಾಸಿನಲ್ಲೇ ಓಡಿಸಿದವರದು ಬೇರೆ ಕಥೆ: ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಒಣಗಿ ಅಂಟಾಗಿ ಜೆಟ್ ಕಟ್ಟಿಕೊಂಡಿರುತ್ತಿತ್ತು. ಗ್ಯಾಸ್ ಮುಗಿದ ದಿನ ಪೆಟ್ರೋಲಿಗೆ ತಳ್ಳಿದರೆ ಗಾಡಿ ರಸ್ತೆಯ ನಡುವೆ.

ಪ್ಲಗ್ಗಿನ ವಿಷಯ ಗಿರಾಕಿಗೆ ಅರ್ಥ ಮಾಡಿಸುವುದು ಇನ್ನೂ ಕಷ್ಟ. "ಪೆಟ್ರೋಲಿನಲ್ಲಿ ಚೆನ್ನಾಗಿದೆಯಲ್ಲ, ಪ್ಲಗ್ ಯಾಕೆ ಬದಲಾಯಿಸಲಿ?" ಗ್ಯಾಸನ್ನು ಹೊತ್ತಿಸಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರು ಪೆಟ್ರೋಲಿನಲ್ಲಿ ಹೇಗೋ ಕಾಲ ತಳ್ಳುತ್ತವೆ, ಗ್ಯಾಸಿನಲ್ಲಿ ಬಣ್ಣ ಬಯಲಾಗುತ್ತದೆ. ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ವೈರಿನಿಂದ ಬಾಡಿಗೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತಿತ್ತು. ಹಾಗೆ ತೋರಿಸಿದ ಮೇಲೆ ಯಾವ ಗಿರಾಕಿಯೂ ದುಡ್ಡಿಗೆ ಚೌಕಾಸಿ ಮಾಡಲಿಲ್ಲ.

2005ರ ಏಪ್ರಿಲಿನಿಂದ ಮಹಾನಗರಗಳ ಜೊತೆಗೆ ಅಹಮದಾಬಾದ್, ಸೂರತ್ ಎರಡಕ್ಕೂ ಭಾರತ್ ಸ್ಟೇಜ್ 3 ನಿಯಮ ಬಂತು. ಬರೋಡ ಆ ಪಟ್ಟಿಯಲ್ಲಿರಲಿಲ್ಲ. ಆ ಹೊತ್ತಿಗೆ ಹೊಸ ಕಾರುಗಳಲ್ಲೆಲ್ಲ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಟರ್, ಅದನ್ನು ಆಳಲು ಒಂದು ಕಂಪ್ಯೂಟರ್ ಪೆಟ್ಟಿಗೆ. ಗ್ಯಾಸ್ ಕಿಟ್ಟಿನವರು ಈಗ ಆ ಪೆಟ್ಟಿಗೆಗೆ ಸುಳ್ಳು ಹೇಳಬೇಕಾಯಿತು. ಗ್ಯಾಸಿನಲ್ಲಿ ಓಡುವಾಗ ಇಂಜೆಕ್ಟರ್ ಬಂದ್ ಆಗಿರಬೇಕು, ಆದರೆ ಬಂದ್ ಆಗಿದೆ ಎಂದು ಕಂಪ್ಯೂಟರಿಗೆ ಗೊತ್ತಾಗಬಾರದು. ಅದಕ್ಕೆ ಎಮ್ಯುಲೇಟರ್ ಎಂಬ ಪುಟ್ಟ ಡಬ್ಬಿ. ಇಂಜೆಕ್ಟರಿನ ವೈರು ಕತ್ತರಿಸಿ ಇದನ್ನು ನಡುವೆ ಸೇರಿಸುತ್ತಾರೆ. ಇಲ್ಲಿಂದ ಮುಂದೆ ಮೂಗು ಕಿವಿ ಮಾತ್ರ ನಂಬಿದರೆ ಸಾಲದಾಯಿತು.

ಅಷ್ಟರಲ್ಲಿ ನಾನು ಸೂರತ್ ಬಿಟ್ಟು ಬರೋಡಕ್ಕೆ ಬಂದಿದ್ದೆ. ಒಂದು ವ್ಯಾಗನ್ ಆರ್ ನೆನಪಿದೆ. ಬರೋಡದ ಮಕರಪುರದಲ್ಲಿ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರದು. ಹಿಂದಿನ ದಿನ ಕಿಟ್ ಹಾಕಿಸಿದ್ದರು. ಬೆಳಿಗ್ಗೆ ಸೆಲ್ಫ್ ಗಟ್ಟಿಯಾಗಿ ಹೊಡೆಯುತ್ತದೆ, ಇಂಜಿನ್ ಏಳುತ್ತಿಲ್ಲ. ಸೈಲೆನ್ಸರಿನ ಬಾಯಿಗೆ ಮೂಗಿಟ್ಟೆ, ಹಸಿ ಪೆಟ್ರೋಲಿನ ವಾಸನೆ ಇಲ್ಲ. ಅಂದರೆ ಪೆಟ್ರೋಲ್ ಒಳಗೇ ಹೋಗುತ್ತಿಲ್ಲ. ಹಿಂದಿನ ಸೀಟಿನ ಮೇಲೆ ತಲೆಯಿಟ್ಟು "ಚಾವಿ ತಿರುಗಿಸಿ ಸಾಹೇಬ್ರೇ" ಅಂದೆ. ಟ್ಯಾಂಕಿನೊಳಗಿನ ಪಂಪು ಕ್ಷಣಕಾಲ ಗುಂಯ್ಗುಟ್ಟಿ ನಿಂತಿತು. ಪಂಪು ಸರಿಯಿದೆ. ಪ್ಲಗ್ ಬಿಚ್ಚಿ ನೋಡಿದರೆ ಕರೆಂಟೂ ಬರುತ್ತಿದೆ. ಉಳಿದದ್ದು ಇಂಜೆಕ್ಟರ್, ನಿನ್ನೆ ಕೈ ಬಿದ್ದದ್ದೂ ಅಲ್ಲೇ. ಎಮ್ಯುಲೇಟರಿನ ಸಾಕೆಟ್ ಎಳೆದು ಕಂಪನಿಯ ವೈರುಗಳನ್ನು ನೇರ ಸೇರಿಸಿದ ಕೂಡಲೇ ಗಾಡಿ ಎದ್ದಿತು. ಸೂಪರ್‌ವೈಸರ್ ಚಪ್ಪಾಳೆ ತಟ್ಟಿದರು. ಆದರೆ ಡಬ್ಬಿ ಕೆಟ್ಟಿರಲಿಲ್ಲ. ಅದರ ಅರ್ಥ್ ವೈರನ್ನು ಬಾಡಿಗೆ ಬೋಲ್ಟ್ ಮಾಡಿದ್ದರು, ಬೋಲ್ಟ್ ಕೂತ ಜಾಗದಲ್ಲಿ ಹೊಳೆಯುವ ಹೊಸ ಪೇಂಟ್. ಪೇಂಟಿನ ಮೇಲೆ ಅರ್ಥ್ ಎಲ್ಲಿಂದ ಸಿಗಬೇಕು? ಅರ್ಥ್ ಇಲ್ಲದೆ ಡಬ್ಬಿಯ ರಿಲೇ ಪೆಟ್ರೋಲಿನ ಕಡೆ ಕೂರದೆ ಇಂಜೆಕ್ಟರುಗಳನ್ನು ತಡೆದು ಹಿಡಿದಿತ್ತು. ಎಮರಿ ಕಾಗದದಲ್ಲಿ ಉಜ್ಜಿ ಬಿಳಿ ತಗಡು ಕಾಣಿಸಿದ ಮೇಲೆ ಬೋಲ್ಟ್ ಬಿಗಿದೆ, ಅಷ್ಟೆ. ಕಿಟ್ ಹಾಕಿದ ಕಾರುಗಳಲ್ಲಿ ನಾನು ಕಂಡ ಕೆಟ್ಟ ಕೆಲಸದಲ್ಲಿ ಬಹುಪಾಲು ಹೀಗೇ: ಕಿಟ್ ಒಳ್ಳೆಯದು, ಟೇಪು ಸುತ್ತಿದ ಜಾಯಿಂಟ್ ಕೆಟ್ಟದ್ದು. ಸೋಲ್ಡರ್ ಮಾಡಲು ಐದು ನಿಮಿಷ ಹಿಡಿಯುತ್ತದೆ, ಆ ಐದು ನಿಮಿಷ ಯಾರಿಗೂ ಇರಲಿಲ್ಲ.

ಸೂರತ್ತಿನವರು ಎಂದೂ ಮರೆಯದ್ದು 2006ರ ಆಗಸ್ಟ್. ಉಕಾಯಿ ಅಣೆಕಟ್ಟಿನಿಂದ 9 ಲಕ್ಷ ಕ್ಯೂಸೆಕ್ಕಿನ ಆಸುಪಾಸು ನೀರು ಬಿಟ್ಟು ತಾಪಿ ಊರೊಳಗೆ ನುಗ್ಗಿತು. ಅಡಾಜಣ್, ರಾಂದೇರ್ ಕಡೆಯ ಪಾರ್ಕಿಂಗುಗಳಲ್ಲಿ ಕಾರುಗಳು ಚಾವಣಿವರೆಗೆ ಮುಳುಗಿ ದಿನಗಟ್ಟಲೆ ನಿಂತಿದ್ದವು. ನಾನು ಬರೋಡದಿಂದ ಹಳೆಯ ಗ್ಯಾರೇಜಿಗೆ ಹೋದೆ, ಕೈಗಳು ಸಾಲುತ್ತಿರಲಿಲ್ಲ. ನೀರು ಇಳಿದ ಕೂಡಲೇ ಜನ ಮಾಡಿದ ಮೊದಲ ಕೆಲಸ ಚಾವಿ ತಿರುಗಿಸಿದ್ದು. ನೀರನ್ನು ಪಿಸ್ಟನ್ ಒತ್ತಲಾರದು. ಒಂದೇ ಸೆಲ್ಫಿಗೆ ಕನೆಕ್ಟಿಂಗ್ ರಾಡ್ ಬಾಗಿದ ಇಂಜಿನ್ನುಗಳನ್ನು ಕಂಡೆವು. ಚಾವಿ ಮುಟ್ಟದೆ ಕಾದವರ ಗಾಡಿಗೆ ದಾರಿಯಿತ್ತು. ನಾಲ್ಕೂ ಪ್ಲಗ್ ತೆಗೆದು ಸೆಲ್ಫ್ ಹೊಡೆದರೆ ರಂಧ್ರಗಳಿಂದ ಕೆಸರುನೀರು ಚಿಮ್ಮುತ್ತಿತ್ತು. ಡ್ರೈನ್ ನಟ್ಟು ಬಿಚ್ಚಿದರೆ ಹೊರಬರುತ್ತಿದ್ದ ಆಯಿಲ್ಲು ಹಾಲು ಜಾಸ್ತಿಯಾದ ಚಹಾದ ಬಣ್ಣ. ಬದಲಾಯಿಸಿ, ಸ್ವಲ್ಪ ಓಡಿಸಿ, ಮತ್ತೆ ಬದಲಾಯಿಸಬೇಕು. ಗ್ಯಾಸ್ ಕಿಟ್ ಇದ್ದವರಿಗೆ ಇನ್ನೊಂದು ಸುತ್ತು. ರೆಡ್ಯೂಸರ್ ಬಿಚ್ಚಿದರೆ ರಬ್ಬರ್ ಡಯಾಫ್ರಾಮಿನ ಮೇಲೆ ತಾಪಿಯ ನುಣ್ಣನೆಯ ರೇವೆ. ಕಂಪ್ಯೂಟರ್ ಪೆಟ್ಟಿಗೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು ತಾರಸಿಯಲ್ಲಿ ಹಪ್ಪಳದ ಪಕ್ಕ ಒಣಹಾಕಿದ್ದೂ ಉಂಟು. ಕೆಲವು ಬದುಕಿದವು, ತಿಂಗಳಾದ ಮೇಲೆ ಒಳಗೊಳಗೇ ಹಸಿರುಗಟ್ಟಿ ಸತ್ತವೂ ಇದ್ದವು.

ಅಹಮದಾಬಾದಿಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ಅಲ್ಲಿನ ರಿಕ್ಷಾಗಳೆಲ್ಲ ಗ್ಯಾಸಿಗೆ ಬದಲಾಗಿ, ರಾತ್ರಿ ಪಂಪುಗಳ ಮುಂದೆ ಮೈಲುದ್ದದ ಸಾಲು. ಎಲ್ಲಿಸ್ ಬ್ರಿಜ್ ಕೆಳಗೆ ಸಾಬರಮತಿಯ ದಂಡೆಯಲ್ಲಿ ಭಾನುವಾರದ ಗುಜರಿ ಸೇರುತ್ತಿತ್ತು. ಅಲ್ಲಿ ಸ್ಪ್ಯಾನರು, ರಿಲೇ, ಹಳೇ ಸೆನ್ಸರು ಎಲ್ಲ ಸಿಗುತ್ತಿದ್ದವು, ಮೂಲ ಕೇಳಬಾರದು. 2014ರಲ್ಲಿ ಅದನ್ನು ರಿವರ್‌ಫ್ರಂಟಿನ ಹೊಸ ಜಾಗಕ್ಕೆ ಸಾಗಿಸಿದರು. ಚೊಕ್ಕಟವಾಯಿತು, ನನಗೆ ಬೇಕಾದ ಸಾಮಾನು ಮಾತ್ರ ಕಮ್ಮಿಯಾಯಿತು. ಅಡುಗೆ ಸಿಲಿಂಡರ್ ಇಟ್ಟುಕೊಂಡು ಮಕ್ಕಳನ್ನು ತುಂಬಿಕೊಂಡು ಓಡುವ ಓಮ್ನಿಗಳೂ ನನ್ನ ಬಳಿ ರಿಪೇರಿಗೆ ಬರುತ್ತಿದ್ದವು. ಅವನ್ನು ನಾನು ಮುಟ್ಟುತ್ತಿರಲಿಲ್ಲ. ಸ್ಟಾರ್ಟ್ ಆಗದೆ ನಿಂತರೆ ಅದೇ ಕ್ಷೇಮ.

ನಮ್ಮ ದಂಧೆಗೆ ಪೆಟ್ಟು ಬಿದ್ದದ್ದು 2010ರಲ್ಲಿ, ಮಾರುತಿಯವರು ತಾವೇ ಫ್ಯಾಕ್ಟರಿಯಲ್ಲಿ ಸಿಎನ್‌ಜಿ ಕೂರಿಸಿ ಮಾರತೊಡಗಿದಾಗ. ಅದರಲ್ಲಿ ಗ್ಯಾಸೂ ಪೆಟ್ರೋಲೂ ಕಂಪನಿಯದೇ ಲೆಕ್ಕ, ಯಾರೂ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಕತ್ತರಿಸಿದ ವೈರಿಲ್ಲ, ಟೇಪಿಲ್ಲ, ಹಾಗಾಗಿ ನಾವೂ ಇಲ್ಲ. ಹೊರಗೆ ಕಿಟ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂಬ ಭಯವೂ ಸೇರಿಕೊಂಡಿತು. ಮಾರುತಿಯ ಕಾರುಗಳೇ 2017ರಿಂದ ಅಹಮದಾಬಾದಿನ ಆಚೆಯ ಹಂಸಲಪುರದಲ್ಲಿ ತಯಾರಾಗುತ್ತಿವೆ. ಸಾಣಂದದಲ್ಲಿ ಟಾಟಾ, ಹಾಲೋಲದಲ್ಲಿ ಎಂಜಿ. ಗುಜರಾತ್ ಕಾರು ಮಾಡುವ ರಾಜ್ಯವಾಯಿತು, ಕಾರು ಬಿಚ್ಚುವವರ ಗಲ್ಲಿಗಳು ಬಡವಾದವು. ಗಿರಾಕಿಗೆ ಇದರಿಂದ ನಷ್ಟವೇನಿಲ್ಲ ಎಂಬುದನ್ನೂ ಹೇಳಬೇಕು. ಆ ಕೆಟ್ಟ ಜಾಯಿಂಟುಗಳಿಂದ ಹೊತ್ತಿ ಉರಿದ ಗಾಡಿಗಳನ್ನು ನೋಡಿದವನು ನಾನು.

ಈಗ ನನ್ನ ಬಳಿ ಕಲಿತ ಹುಡುಗರು ಸ್ಕ್ಯಾನರ್ ಹಿಡಿದು ಓಡಾಡುತ್ತಾರೆ, ನಾನು ಮಣಿನಗರದ ಮನೆಯಲ್ಲಿ ಫೋನಿಗಷ್ಟೇ ಉಸ್ತಾದ. ಮೊನ್ನೆ ಒಬ್ಬ ಎಸ್‌ಜಿ ಹೈವೇ ಪಕ್ಕದ ಸೊಸೈಟಿಯಿಂದ ಫೋನ್ ಮಾಡಿದ. ಕಂಪನಿ ಸಿಎನ್‌ಜಿ ಕಾರು, ಸ್ಕ್ಯಾನರಿನಲ್ಲಿ ಒಂದೂ ಕೋಡ್ ಇಲ್ಲ, ಸೆಲ್ಫೇ ಹೊಡೆಯುತ್ತಿಲ್ಲ.

"ಕೊನೆಗೆ ಕೈ ಹಾಕಿದ್ದು ಯಾರು?"

"ಯಾರೂ ಇಲ್ಲ ಕಾಕಾ. ರಾತ್ರಿ ಗ್ಯಾಸ್ ತುಂಬಿಸಿ ತಂದು ನಿಲ್ಲಿಸಿದ್ದಾರೆ. ಆಮೇಲೆ ಮನೆಯ ಮಗು ಅದು ಇದು ಮುಟ್ಟಿ ಆಡ್ತಿತ್ತಂತೆ."

"ಗ್ಯಾಸ್ ತುಂಬುವ ಕಡೆಯ ಮುಚ್ಚಳ ನೋಡು."

ಈ ಕಾರುಗಳಲ್ಲಿ ಆ ಮುಚ್ಚಳಕ್ಕೊಂದು ಪುಟ್ಟ ಸ್ವಿಚ್ ಇರುತ್ತದೆ. ಮುಚ್ಚಳ ಪೂರ್ತಿ ಕೂರದಿದ್ದರೆ, ಗ್ಯಾಸ್ ತುಂಬುತ್ತಿದ್ದಾರೆ ಎಂದು ತಿಳಿದು ಗಾಡಿ ಸ್ಟಾರ್ಟ್ ಆಗದಂತೆ ತಡೆಯುತ್ತದೆ. ಫೋನಿನಲ್ಲೇ ಟಕ್ ಎಂದು ಕೇಳಿಸಿತು, ಹಿಂದೆಯೇ ಇಂಜಿನ್ನಿನ ಸದ್ದು.

"ಕಾಕಾ, ಇದಕ್ಕೆ ಎಷ್ಟು ತಗೊಳ್ಳಲಿ?"

"ಹೋಗಿಬರುವ ಪೆಟ್ರೋಲಿಗೆ ಕೇಳು" ಅಂದೆ.

"ನನ್ನದು ಎಲೆಕ್ಟ್ರಿಕ್ ಸ್ಕೂಟರ್" ಅಂದ.